ಮಲೆನಾಡಿನ ಅಂಗಳದಲ್ಲಿ ಪ್ರಿಮ್‌ರೋಸ್: ಬೆಳಕು, ಚಳಿ ಎರಡನ್ನೂ ಹೊಂದಿಸಿ ಹೂ ಪಡೆಯುವ ಸಮಗ್ರ ಮಾರ್ಗದರ್ಶಿ

ಡಿಸೆಂಬರ್‌ನಲ್ಲಿ ನರ್ಸರಿಯಿಂದ ತಂದ ಪ್ರಿಮ್‌ರೋಸ್ (ತಂಪು ನಾಡಿನ ಪುಟ್ಟ ಹೂಗಿಡ) ಕುಂಡ ಎರಡು ಮೂರು ವಾರ ಜಗಲಿಯನ್ನು ಬೆಳಗುತ್ತದೆ. ಆಮೇಲೆ ಎಲೆ ಉದ್ದವಾಗುತ್ತದೆ, ಬಂದ ಮೊಗ್ಗು ಎಲೆಯ ಸಂದಿಯಲ್ಲೇ ಉಳಿಯುತ್ತದೆ, ಬಣ್ಣ ಮಾಸುತ್ತದೆ. ನೀರು ಹೆಚ್ಚಾಯಿತೋ, ಗೊಬ್ಬರ ಸಾಲಲಿಲ್ಲವೋ ಎಂದು ಯೋಚಿಸುತ್ತೇವೆ. ಹೆಚ್ಚಿನ ಸಲ ತೊಂದರೆ ಇರುವುದು ಅವೆರಡರಲ್ಲೂ ಅಲ್ಲ, ಬೆಳಕು ಮತ್ತು ತಾಪಮಾನ ಒಂದಕ್ಕೊಂದು ಹೊಂದದೇ ಇರುವುದರಲ್ಲಿ.

ನಮ್ಮ ಕಡೆಯ ವರ್ಷವನ್ನು ಪ್ರಿಮ್‌ರೋಸ್‌ನ ಕಣ್ಣಿನಿಂದ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂಪು ಇದೆ, ಬೆಳಕಿಲ್ಲ. ಮಾರ್ಚ್‌ನಿಂದ ಮೇವರೆಗೆ ಬೆಳಕು ಬೇಕಾದಷ್ಟಿದೆ, ತಂಪಿಲ್ಲ. ಎರಡೂ ಒಟ್ಟಿಗೆ ಸಿಗುವುದು ನವೆಂಬರ್‌ನಿಂದ ಫೆಬ್ರುವರಿವರೆಗಿನ ನಾಲ್ಕು ತಿಂಗಳು ಮಾತ್ರ. ಆ ನಾಲ್ಕು ತಿಂಗಳು ಬರುವ ಹೊತ್ತಿಗೆ ಗಿಡವನ್ನು ಗಟ್ಟಿಮುಟ್ಟಾಗಿ ಸಿದ್ಧ ಮಾಡಿಟ್ಟುಕೊಂಡರೆ ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಪ್ರಿಮ್‌ರೋಸ್ ಚೆನ್ನಾಗಿ ಹೂ ಕೊಡುತ್ತದೆ. ಈ ಮಾರ್ಗದರ್ಶಿ ಪೂರ್ತಿ ಆ ಸಿದ್ಧತೆಯ ಬಗ್ಗೆಯೇ.

ಗಿಡದೊಳಗೆ ಏನು ನಡೆಯುತ್ತದೆ

ಬೆಳಕಿನಿಂದ ಗಿಡ ಆಹಾರ ಮಾಡಿಕೊಳ್ಳುತ್ತದೆ. ಆ ಆಹಾರ ಎಷ್ಟು ಬೇಗ ಖರ್ಚಾಗಬೇಕು, ಹೊಸ ಎಲೆ ಎಷ್ಟು ಬೇಗ ಬರಬೇಕು ಎಂಬುದನ್ನು ತಾಪಮಾನ ತೀರ್ಮಾನಿಸುತ್ತದೆ. ಸೆಕೆ ಇದ್ದು ಬೆಳಕು ಕಡಿಮೆಯಾದರೆ ದುಡಿಮೆಗಿಂತ ಖರ್ಚೇ ಜಾಸ್ತಿ. ಎಲೆತೊಟ್ಟು ಬೆಳಕು ಹುಡುಕಿಕೊಂಡು ಉದ್ದವಾಗುತ್ತದೆ, ಎಲೆ ತೆಳುವಾಗಿ ಜೋಲುತ್ತದೆ. ತಂಪು ಇದ್ದು ಬೆಳಕೂ ಚೆನ್ನಾಗಿದ್ದರೆ ಆಹಾರ ಉಳಿತಾಯವಾಗಿ ಬುಡದಲ್ಲಿ ಸೇರುತ್ತದೆ, ಎಲೆ ದಪ್ಪವಾಗಿ ನೆಲಕ್ಕೆ ಅಂಟಿದಂತೆ ಹರಡುತ್ತದೆ. ಇಂಥ ಗಿಡವೇ ತುಂಬಾ ಹೂ ಬಿಡುವುದು.

ಹೂಮೊಗ್ಗು ಮೂಡುವುದು ಗಿಡದ ನಡುವಿನ ಸುಳಿಯಲ್ಲಿ. ಅದಕ್ಕೆ ಎರಡು ಷರತ್ತು: ಗಿಡಕ್ಕೆ ಕನಿಷ್ಠ ಆರರಿಂದ ಹತ್ತು ಎಲೆ ಬಂದಿರಬೇಕು, ಆಮೇಲೆ ಕೆಲವು ವಾರ ತಂಪು ರಾತ್ರಿಗಳು ಸಿಗಬೇಕು. ಎಲೆ ಬರುವ ಮುಂಚೆಯೇ ಎಷ್ಟು ಚಳಿ ಕೊಟ್ಟರೂ ಪ್ರಯೋಜನವಿಲ್ಲ, ಎಳೆಗಿಡಕ್ಕೆ ಆ ಸಂದೇಶ ಮುಟ್ಟುವುದಿಲ್ಲ. ಯುರೋಪಿನ ಹಳೆಯ ತಳಿಗಳಿಗೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಾಪಮಾನ ಆರೆಂಟು ವಾರ ಬೇಕು. ಈಗಿನ ಬೇಗ ಹೂಬಿಡುವ ಹೈಬ್ರಿಡ್‌ಗಳು ಅಷ್ಟು ಕೇಳುವುದಿಲ್ಲ, ಬೆಳಕು ಹೇರಳವಾಗಿದ್ದರೆ ಇನ್ನೂ ಸ್ವಲ್ಪ ಬೆಚ್ಚಗಿನ ರಾತ್ರಿಯಲ್ಲೂ ಮೊಗ್ಗು ಕಟ್ಟುತ್ತವೆ. ನಮಗೆ ದಾರಿ ಇರುವುದೇ ಇಲ್ಲಿ. ಚಳಿ ಸ್ವಲ್ಪ ಕಡಿಮೆ ಬಿದ್ದರೆ ಅದನ್ನು ಬೆಳಕಿನಿಂದ ಒಂದು ಮಟ್ಟಿಗೆ ತುಂಬಿಸಿಕೊಳ್ಳಬಹುದು.

ಹಗಲಿನ ಉದ್ದದ ವಿಚಾರಕ್ಕೆ ಬರೋಣ. ಇಂಗ್ಲೆಂಡಿನಂಥ ಕಡೆ ಚಳಿಗಾಲದ ಹಗಲು ಎಂಟು ಗಂಟೆಗೂ ಕಡಿಮೆ, ಬೇಸಿಗೆಯಲ್ಲಿ ಹದಿನಾರು ಗಂಟೆಗೂ ಹೆಚ್ಚು. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲೂ ಸುಮಾರು 11 ಗಂಟೆ 20 ನಿಮಿಷ, ಜೂನ್‌ನ ಅತಿ ದೊಡ್ಡದು 13 ಗಂಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿನ ಪುಸ್ತಕ ನೋಡಿ ಹಗಲಿನ ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾವು ಕಣ್ಣಿಡಬೇಕಾದ್ದು ಬೆಳಕಿನ ತೀಕ್ಷ್ಣತೆಯ ಮೇಲೆ ಮತ್ತು ರಾತ್ರಿಯ ತಾಪಮಾನದ ಮೇಲೆ. ಒಂದೇ ಒಂದು ತಳಿಗೆ ಹಗಲಿನ ಲೆಕ್ಕವೂ ಬೇಕು, ಅದು ಮುಂದೆ ಬರುತ್ತದೆ.

ಹೆಜ್ಜೆ 1: ನಿಮ್ಮ ಅಂಗಳದ ಚಳಿಯನ್ನು ಅಳೆಯಿರಿ

ಮೊಬೈಲ್ ತೋರಿಸುವ ಊರಿನ ತಾಪಮಾನ ನಿಮ್ಮ ಕುಂಡದ ತಾಪಮಾನವಲ್ಲ. ದಿನದ ಗರಿಷ್ಠ, ಕನಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತನ್ನಿ. ಈ ಕೆಲಸಕ್ಕೆ ನಾನು ಖರ್ಚು ಮಾಡಿ ಎಂದು ಒತ್ತಿ ಹೇಳುವ ವಸ್ತು ಇದೊಂದೇ. ಕುಂಡ ಇಡುವ ಎತ್ತರದಲ್ಲಿ, ಬಿಸಿಲು ನೇರ ಬೀಳದ ಹಾಗೆ ಇಟ್ಟು ಒಂದು ವಾರ ಬರೆದುಕೊಳ್ಳಿ. ಜಗಲಿ, ಅಂಗಳದ ನಡು, ಬಾವಿಕಟ್ಟೆಯ ಪಕ್ಕ, ಹಿತ್ತಲಿನ ತಗ್ಗು, ಹೀಗೆ ಜಾಗ ಬದಲಿಸಿ ನೋಡಿದರೆ ಒಂದೇ ಮನೆಯಲ್ಲಿ ರಾತ್ರಿ ಎರಡು ಮೂರು ಡಿಗ್ರಿ ವ್ಯತ್ಯಾಸ ಕಾಣುತ್ತದೆ.

ಇದಕ್ಕೆ ಕಾರಣವಿದೆ. ಎತ್ತರ ಸಾವಿರ ಮೀಟರ್ ಹೆಚ್ಚಿದರೆ ಗಾಳಿ ಸುಮಾರು ಆರು ಡಿಗ್ರಿ ತಂಪಾಗುತ್ತದೆ. ಚಿಕ್ಕಮಗಳೂರು, ಹಾಸನ ಪಟ್ಟಣಗಳು ಒಂದು ಸಾವಿರ ಮೀಟರ್ ಆಸುಪಾಸಿನಲ್ಲಿವೆ, ಕೆಮ್ಮಣ್ಣುಗುಂಡಿ 1,434 ಮೀಟರ್, ಮುಳ್ಳಯ್ಯನಗಿರಿ 1,900 ಮೀಟರ್ ಮೀರಿದೆ. ಆದರೆ ಮೋಡವಿಲ್ಲದ, ಗಾಳಿಯಾಡದ ಮಾಗಿಯ ರಾತ್ರಿಯಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ತಣ್ಣನೆ ಗಾಳಿ ಭಾರ, ಅದು ಇಳಿಜಾರಿನಲ್ಲಿ ಜಾರಿ ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಬೆಳಗ್ಗೆ ಗದ್ದೆ ಬಯಲಿನಲ್ಲಿ ಮಂಜು ತುಂಬಿಕೊಂಡಿದ್ದು ಮೇಲಿನ ತೋಟದಲ್ಲಿ ಬಿಸಿಲು ಬಿದ್ದಿರುವುದನ್ನು ಇಲ್ಲಿಯವರೆಲ್ಲ ನೋಡಿರುತ್ತೀರಿ. ಆ ಮಂಜು ಕೂರುವ ಜಾಗವೇ ರಾತ್ರಿ ಚಳಿ ಹೆಚ್ಚಿರುವ ಜಾಗ. ಮನೆ ಅಂಥ ಕಡೆ ಇದ್ದರೆ ಪ್ರಿಮ್‌ರೋಸ್‌ಗೆ ಅದು ಭಾಗ್ಯ.

ಬೆಳಕು ಅಳೆಯಲು ಮೊಬೈಲ್‌ನ ಲಕ್ಸ್ (ಬೆಳಕಿನ ಅಳತೆಯ ಮಾನ) ಆ್ಯಪ್ ಸಾಕು. ಕರಾರುವಾಕ್ಕಾಗಿ ಇರದಿದ್ದರೂ ಎರಡು ಜಾಗಗಳನ್ನು ಹೋಲಿಸಲು ತೊಂದರೆಯಿಲ್ಲ. ಮೋಡವಿಲ್ಲದ ನಡುಹಗಲಿನ ಬಯಲು ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಬೆಳೆಯುವ ಪ್ರಿಮ್‌ರೋಸ್‌ಗೆ ಹಗಲಿನ ಬಹುಭಾಗ 20,000ದಿಂದ 30,000 ಲಕ್ಸ್ ಸಿಕ್ಕರೆ ಒಳ್ಳೆಯದು. ಹೆಂಚಿನ ಮನೆಯ ಒಳಕೋಣೆಯಲ್ಲಿ, ಕಿಟಕಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕೆಲವು ನೂರು ಲಕ್ಸ್ ಮಾತ್ರ ಇರುತ್ತದೆ. ನಮ್ಮ ಕಣ್ಣಿಗೆ ಅದು ಧಾರಾಳ ಬೆಳಕು, ಗಿಡಕ್ಕೆ ಉಪವಾಸ.

ಹೆಜ್ಜೆ 2: ಜಾಗಕ್ಕೆ ತಕ್ಕ ತಳಿ

ನರ್ಸರಿಯವರು ಎಲ್ಲವನ್ನೂ ಪ್ರಿಮುಲಾ ಎಂದೇ ಮಾರುತ್ತಾರೆ. ಆದರೆ ಸೆಕೆ ತಡೆಯುವ ಶಕ್ತಿ ಒಂದೊಂದಕ್ಕೆ ಒಂದೊಂದು ಥರ.

ಬುಡದಿಂದಲೇ ಒಂದೊಂದು ತೊಟ್ಟಿಗೆ ಒಂದೊಂದು ದೊಡ್ಡ ಹೂ ಬರುವುದು ಅಕಾಲಿಸ್. ನಡುವಿನಿಂದ ಒಂದು ದಪ್ಪ ಕಾಂಡ ಎದ್ದು ಅದರ ತುದಿಯಲ್ಲಿ ಹೂಗೊಂಚಲು ಬರುವುದು ಪಾಲಿಯಾಂಥಸ್. ಇವೆರಡರ ಮೂಲ ಯುರೋಪ್ ಕಡೆಯದು, ಚಳಿಯ ಆಸೆ ಇವಕ್ಕೇ ಹೆಚ್ಚು. ಡಿಸೆಂಬರ್, ಜನವರಿಯ ರಾತ್ರಿ 13 ಡಿಗ್ರಿಗಿಂತ ಕೆಳಗೆ ಇಳಿಯುವ ಜಾಗವಿದ್ದರೆ, ಅಂದರೆ ಬಾಬಾಬುಡನ್‌ಗಿರಿ ಸಾಲಿನ ತೋಟಗಳು, ಎತ್ತರದ ಎಸ್ಟೇಟ್‌ಗಳು, ಮಂಜು ಕೂರುವ ತಗ್ಗುಗಳು, ಬೀಜದಿಂದಲೇ ಇವನ್ನು ಬೆಳೆಸಿ.

ಮಲಕಾಯ್ಡಿಸ್ ಚೀನಾದ ಯುನ್ನಾನ್ ಕಡೆಯ ಸಸ್ಯ. ತೆಳ್ಳನೆ ಕಾಂಡದಲ್ಲಿ ಅಂತಸ್ತು ಅಂತಸ್ತಾಗಿ ಸಣ್ಣ ಸಣ್ಣ ಹೂ. ಚಿಕ್ಕಮಗಳೂರು, ಹಾಸನ, ಸಕಲೇಶಪುರ, ಮೂಡಿಗೆರೆ ಪಟ್ಟಣಗಳ ಸಾಮಾನ್ಯ ಮನೆಯಂಗಳಕ್ಕೆ ನನ್ನ ಮೊದಲ ಆಯ್ಕೆ ಇದೇ. ಇದರ ಸ್ವಭಾವ ವಿಶೇಷವಾದದ್ದು. ಸುಮಾರು 10 ಡಿಗ್ರಿಯ ಚಳಿಯಲ್ಲಿ ಹಗಲು ಎಷ್ಟೇ ಉದ್ದವಿದ್ದರೂ ಮೊಗ್ಗು ಕಟ್ಟುತ್ತದೆ. 16ರಿಂದ 20 ಡಿಗ್ರಿಯಲ್ಲಾದರೆ ಹಗಲು ಚಿಕ್ಕದಿರಬೇಕು. ನಮ್ಮ ಊರುಗಳ ಮಾಗಿಯ ರಾತ್ರಿ 14–16ರ ಆಸುಪಾಸು, ಹಗಲು ಹನ್ನೊಂದೂವರೆ ಗಂಟೆ. ಬೇಕಾದ ಜೋಡಿ ತಾನಾಗಿಯೇ ಕೂಡಿ ಬರುತ್ತದೆ.

ಒಬ್ಕೋನಿಕಾ ಕೂಡ ಚೀನಾ ಮೂಲದ್ದೇ. ದುಂಡನೆ ಎಲೆ, ದೊಡ್ಡ ಹೂಗುಚ್ಛ, ಮನೆಯೊಳಗಿನ ಬೆಚ್ಚಗನ್ನು ಎಲ್ಲಕ್ಕಿಂತ ಹೆಚ್ಚು ತಡೆಯುತ್ತದೆ. 16–18 ಡಿಗ್ರಿಯಲ್ಲೂ ಹೂ ನಿಲ್ಲಿಸುವುದಿಲ್ಲ. ಅರಸೀಕೆರೆ, ಕಡೂರಿನಂಥ ಬಯಲುಸೀಮೆಯ ಕಡೆ ಇರುವವರು ಇದನ್ನೇ ಪ್ರಯತ್ನಿಸಿ. ಒಂದು ಎಚ್ಚರಿಕೆ: ಇದರ ಎಲೆ, ಕಾಂಡದ ಸಣ್ಣ ರೋಮಗಳಲ್ಲಿ ಪ್ರಿಮಿನ್ ಎಂಬ ವಸ್ತು ಇರುತ್ತದೆ. ಕೆಲವರಿಗೆ ಮುಟ್ಟಿದರೆ ತುರಿಕೆ, ಬೊಬ್ಬೆ ಬರುತ್ತದೆ. ಪ್ರಿಮಿನ್ ಇಲ್ಲದ ತಳಿಗಳೂ ಬಂದಿವೆ. ಯಾವುದೆಂದು ಗೊತ್ತಿಲ್ಲದಿದ್ದರೆ ಕೈಗವಸು ಹಾಕಿಕೊಂಡೇ ಕೆಲಸ ಮಾಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಹೆಜ್ಜೆ 3: ಬಿತ್ತನೆ

ಬಿತ್ತಿದ ಮೇಲೆ ಹೂ ಬರಲು ಅಕಾಲಿಸ್, ಪಾಲಿಯಾಂಥಸ್, ಒಬ್ಕೋನಿಕಾಗಳಿಗೆ ಐದಾರು ತಿಂಗಳು, ಮಲಕಾಯ್ಡಿಸ್‌ಗೆ ನಾಲ್ಕೈದು ತಿಂಗಳು ಬೇಕು. ಜನವರಿಯಲ್ಲಿ ಹೂ ಬೇಕಾದರೆ ಮೊದಲ ಗುಂಪನ್ನು ಆಗಸ್ಟ್‌ನ ಆಶ್ಲೇಷ, ಮಘೆ ಮಳೆಯ ಹೊತ್ತಿಗೆ ಬಿತ್ತಬೇಕು. ಮಲಕಾಯ್ಡಿಸ್ ಬಿತ್ತಲು ಸೆಪ್ಟೆಂಬರ್‌ನ ಉತ್ತರೆ ಮಳೆಯವರೆಗೂ ಸಮಯವಿದೆ. ಅಕ್ಟೋಬರ್‌ನಲ್ಲಿ ಬಿತ್ತಿದರೆ ಮೊಳಕೆ ಚೆನ್ನಾಗಿಯೇ ಬರುತ್ತದೆ, ಆದರೆ ಗಿಡಕ್ಕೆ ಹತ್ತು ಎಲೆ ಬರುವಷ್ಟರಲ್ಲಿ ಮಾಗಿ ಮುಗಿದಿರುತ್ತದೆ.

ಪ್ರಿಮ್‌ರೋಸ್ ಬೀಜ ಮೊಳೆಯಲು 15ರಿಂದ 18 ಡಿಗ್ರಿ ಹಿತ. 20 ಡಿಗ್ರಿ ದಾಟಿದರೆ ಮೊಳಕೆ ಇಳಿಯುತ್ತಾ ಹೋಗುತ್ತದೆ, ಸೆಕೆ ಇನ್ನೂ ಹೆಚ್ಚಿದರೆ ಬೀಜ ಮತ್ತೆ ನಿದ್ದೆಗೆ ಜಾರುತ್ತದೆ. ಜಡಿಮಳೆಯ ಆಗಸ್ಟ್‌ನಲ್ಲಿ ನಮ್ಮ ಹಗಲುಗಳು ಇದಕ್ಕಿಂತ ನಾಲ್ಕೈದು ಡಿಗ್ರಿ ಮೇಲಿರುತ್ತವೆ, ಆದ್ದರಿಂದ ಮನೆಯ ಅತಿ ತಂಪು ಜಾಗ ಹುಡುಕಬೇಕು. ಹೆಂಚಿನ ಮನೆಯ ಉತ್ತರ ದಿಕ್ಕಿನ ಕೋಣೆ ಒಳ್ಳೆಯದು. ಟ್ರೇಯನ್ನು ಮೇಜಿನ ಮೇಲಲ್ಲ, ನೆಲದ ಮೇಲೇ ಇಡಿ. ರೆಡ್ ಆಕ್ಸೈಡ್ ನೆಲ ಟ್ರೇಯ ಬಿಸಿಯನ್ನು ಎಳೆದುಕೊಳ್ಳುತ್ತದೆ.

ಈ ಬೀಜಕ್ಕೆ ಮೊಳೆಯಲು ಬೆಳಕೂ ಬೇಕು, ಆದ್ದರಿಂದ ಹೂಳಬೇಡಿ. ಚೆನ್ನಾಗಿ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಒಂದು ಪಾಲು ಬೆರೆಸಿ ಟ್ರೇ ತುಂಬಿ, ನೀರುಣಿಸಿ, ಬೀಜವನ್ನು ಮೇಲೆ ಉದುರಿಸಿ, ಮಟ್ಟಸವಾದ ಹಲಗೆ ತುಂಡಿನಿಂದ ಮೆಲ್ಲಗೆ ಒತ್ತಿ. ಬೇಕಿದ್ದರೆ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಚೂರನ್ನು ಬೀಜ ಅರೆಬರೆ ಕಾಣುವಷ್ಟು ತೆಳುವಾಗಿ ಉದುರಿಸಬಹುದು. ಮೇಲೊಂದು ಗಾಜು ಅಥವಾ ಪ್ಲಾಸ್ಟಿಕ್ ಹಾಳೆ ಮುಚ್ಚಿ, ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿ. ಮೇಲಿಂದ ನೀರು ಹಾಕಿದರೆ ಬೀಜ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ, ಟ್ರೇಯನ್ನು ನೀರಿರುವ ತಟ್ಟೆಯಲ್ಲಿಟ್ಟು ಕೆಳಗಿಂದ ಹೀರಿಕೊಳ್ಳಲು ಬಿಡಿ. ಮೊಳಕೆಗೆ ಮೂರರಿಂದ ನಾಲ್ಕು ವಾರ. ಅಷ್ಟರಲ್ಲಿ ಏನೂ ಕಾಣದಿದ್ದರೆ ಟ್ರೇ ಬಿಸಾಡಬೇಡಿ. ಪ್ಲಾಸ್ಟಿಕ್ ಚೀಲದೊಳಗಿಟ್ಟು ಫ್ರಿಜ್‌ನ ತರಕಾರಿ ಖಾನೆಯಲ್ಲಿ ಎರಡು ಮೂರು ವಾರ ಇಟ್ಟು ಹೊರತೆಗೆದರೆ ನಿದ್ದೆ ಹೋದ ಬೀಜ ಏಳುವ ಸಾಧ್ಯತೆ ಇದೆ. ಬೀಜ ಹೊಸದಾದಷ್ಟೂ ಒಳ್ಳೆಯದು.

ಹೆಜ್ಜೆ 4: ಮಳೆಗಾಲದಲ್ಲಿ ಬೆಳಕು ಹುಡುಕುವುದು

ನಮ್ಮ ಪ್ರಿಮ್‌ರೋಸ್‌ಗಳು ಕೆಡುವುದು ಬೇಸಿಗೆಯಲ್ಲಲ್ಲ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಎಂದು ನನ್ನ ಬಲವಾದ ನಂಬಿಕೆ. ತಂಪಾಗಿದೆ, ಸಸಿ ಹಸಿರಾಗಿದೆ, ಎಲ್ಲ ಸರಿಯಿದೆ ಎನ್ನಿಸುತ್ತದೆ. ಆದರೆ ದಟ್ಟ ಮೋಡದ ದಿನ ಬಯಲಿನಲ್ಲೇ ಬೆಳಕು 10,000 ಲಕ್ಸ್‌ಗಿಂತ ಕೆಳಗಿಳಿಯುತ್ತದೆ, ಮಳೆಗೆ ಅಂಜಿ ಸೂರಿನ ಕೆಳಗೆ ಇಟ್ಟ ಸಸಿಗೆ ಅದರ ಒಂದು ಚೂರು ಮಾತ್ರ ಮುಟ್ಟುತ್ತದೆ. ಸಸಿ ಕೋಲಾಗುತ್ತದೆ, ಒಂದು ಕಡೆಗೆ ಬಾಗುತ್ತದೆ, ಬುಡ ಕೊಳೆಯುತ್ತದೆ. ಈ ಎರಡು ತಿಂಗಳಲ್ಲಿ ಬಡವಾದ ಗಿಡ ಮಾಗಿಯ ಒಳ್ಳೆಯ ದಿನಗಳನ್ನು ಚೇತರಿಸಿಕೊಳ್ಳುವುದರಲ್ಲೇ ಕಳೆಯುತ್ತದೆ.

ಕಾಫಿ ಬೆಳೆಗಾರರಿಗೆ ಈ ಸೂತ್ರ ಹೊಸತಲ್ಲ. ಮಳೆ ಹಿಡಿಯುವ ಹೊತ್ತಿಗೆ ತೋಟದಲ್ಲಿ ಮರಗಸಿ ಮಾಡಿ ನೆರಳು ತೆಳುಮಾಡುತ್ತೇವೆ. ಬೇಸಿಗೆಗೆ ಕೊಂಬೆ ಮತ್ತೆ ಚಿಗುರಿ ನೆರಳು ತುಂಬಿಕೊಳ್ಳುತ್ತದೆ. ಪ್ರಿಮ್‌ರೋಸ್‌ಗೂ ಅದೇ ಮಾಡಿ. ಕುಂಡ ಇಡುವ ಜಾಗದ ಮೇಲೆ ಸಿಲ್ವರ್ ಓಕ್, ಹಲಸಿನ ಕೊಂಬೆ ಕವಿದಿದ್ದರೆ ಮೇ ಮುಗಿಯುವುದರೊಳಗೆ ತೆಗೆಸಿ. ಸಸಿಗಳಿಗೆ ಮಳೆ ತಾಗಬಾರದು, ಬೆಳಕು ತಡೆಯಬಾರದು. ಅದಕ್ಕೆ ಪಾರದರ್ಶಕ ಶೀಟ್ ಹಾಕಿದ ಸಣ್ಣ ಚಪ್ಪರವೇ ಸರಿ. ಹೆಂಚಿನ ಜಗಲಿಯಾದರೆ ಸಾಲಿನಲ್ಲಿ ನಾಲ್ಕಾರು ಗಾಜಿನ ಹೆಂಚು ಹಾಕಿಸಿ, ಇದ್ದ ಗಾಜಿನ ಹೆಂಚಿನ ಪಾಚಿಯನ್ನು ತೊಳೆಯಿರಿ. ಪಾಚಿ ಕಟ್ಟಿದ ಗಾಜು ಎಷ್ಟು ಬೆಳಕು ನುಂಗುತ್ತದೆ ಎಂಬುದನ್ನು ತೊಳೆಯುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಲಕ್ಸ್ ನೋಡಿದರೆ ತಿಳಿಯುತ್ತದೆ.

ಇದ್ಯಾವುದೂ ಆಗದವರು ಎಲ್‌ಇಡಿ ಬಳಸಿ. ಬಿಳಿ ಬೆಳಕಿನ 20 ವ್ಯಾಟ್‌ನ ಎರಡು ಬ್ಯಾಟನ್ ಟ್ಯೂಬ್‌ಗಳನ್ನು ಟ್ರೇಯಿಂದ 20–25 ಸೆಂಟಿಮೀಟರ್ ಮೇಲೆ ಅಕ್ಕಪಕ್ಕ ತೂಗುಹಾಕಿ ದಿನಕ್ಕೆ 14 ಗಂಟೆ ಉರಿಸಿದರೆ ಸಸಿಗಳು ಕುಳ್ಳಗೆ, ಗಟ್ಟಿಯಾಗಿ ಬೆಳೆಯುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ. ಒಂದು ದಿನ ತಪ್ಪಿದರೆ ತೊಂದರೆಯಿಲ್ಲ, ಮೂರು ನಾಲ್ಕು ದಿನ ಕರೆಂಟ್ ಇಲ್ಲದಿದ್ದರೆ ಟ್ರೇಯನ್ನು ಹೊರಗಿನ ಬೆಳಕಿಗೆ ತನ್ನಿ. ಮಲಕಾಯ್ಡಿಸ್‌ಗೆ ಮಾತ್ರ ಅಕ್ಟೋಬರ್ ಕೊನೆಯೊಳಗೆ ಈ ಹೆಚ್ಚಿನ ಬೆಳಕನ್ನು ನಿಲ್ಲಿಸಲೇಬೇಕು.

ಹೆಜ್ಜೆ 5: ಕುಂಡಕ್ಕೆ ಬದಲಾಯಿಸುವುದು

ಎರಡು ಮೂರು ನಿಜ ಎಲೆ (ಮೊಳಕೆಯ ಮೊದಲ ಜೋಡಿ ಎಲೆಯ ನಂತರ ಬರುವವು) ಬಂದಾಗ ಸಣ್ಣ ಕಪ್‌ಗಳಿಗೆ, ಐದಾರು ಎಲೆ ಬಂದಾಗ ನಾಲ್ಕೈದು ಇಂಚಿನ ಮಣ್ಣಿನ ಕುಂಡಕ್ಕೆ ಬದಲಾಯಿಸಿ. ಕಪ್ಪು ಪ್ಲಾಸ್ಟಿಕ್ ಕುಂಡ ಬೇಡ, ಬೆಳಗಿನ ಬಿಸಿಲಿಗೇ ಅದರ ಗೋಡೆ ಕಾದು ಬೇರು ಬೇಯುತ್ತದೆ. ಮಣ್ಣಿನ ಕುಂಡದ ಗೋಡೆಯಿಂದ ನೀರು ಆವಿಯಾಗುವಾಗ ಬೇರಿನ ಸುತ್ತ ತಂಪು ಉಳಿಯುತ್ತದೆ.

ಮಿಶ್ರಣಕ್ಕೆ ಕಾಫಿ ತೋಟದ ಚೆನ್ನಾಗಿ ಕಳಿತ ತರಗಿನ ಗೊಬ್ಬರ, ಕೊಕೊಪೀಟ್, ಒರಟು ಮರಳು ಸಮಪಾಲು. ಕಾಫಿ ಸಿಪ್ಪೆ ಬಳಸುವುದಾದರೆ ಪೂರ್ತಿ ಕಳಿತದ್ದನ್ನೇ ಬಳಸಿ. ಪ್ರಿಮ್‌ರೋಸ್ 5.5ರಿಂದ 6.2ರ ಪಿಎಚ್ (ಮಣ್ಣಿನ ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಇಷ್ಟಪಡುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಣ್ಣು ಹುಳಿಯಾಗಿಯೇ ಇರುವುದರಿಂದ ಸುಣ್ಣ ಹಾಕಬೇಡಿ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು ಹಾಕುತ್ತಾ ಹೋದರೆ ಪಿಎಚ್ ಏರಿ, ಕಬ್ಬಿಣ ಸಿಗದೆ, ಎಳೆ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾಗುತ್ತದೆ. ಮಳೆನೀರು ಹಿಡಿದಿಟ್ಟುಕೊಂಡು ಅದನ್ನೇ ಹಾಕಿ. ಸುಳಿ ಮಣ್ಣಿನ ಮಟ್ಟಕ್ಕೆ ಸರಿಯಾಗಿರಲಿ, ಹೂತರೆ ಕೊಳೆಯುತ್ತದೆ.

ಗೊಬ್ಬರ ಮಿತವಾಗಿರಲಿ. ಎಂಟು ಎಲೆ ಬರುವವರೆಗೆ ಹದಿನೈದು ದಿನಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂನಂತೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪ್ರಮಾಣದಲ್ಲಿರುವ ಗೊಬ್ಬರ), ಅಷ್ಟೇ.

ಹೆಜ್ಜೆ 6: ಮೊಗ್ಗು ಕಟ್ಟಿಸುವ ಆರು ವಾರ

ಇಡೀ ಕೆಲಸದ ತಿರುಳು ಇಲ್ಲಿದೆ. ನವೆಂಬರ್ ಮಧ್ಯದ ಹೊತ್ತಿಗೆ ಸ್ವಾತಿ ಮಳೆ ಮುಗಿದು ಆಕಾಶ ತಿಳಿಯಾಗುತ್ತದೆ. ಗಿಡಕ್ಕೆ ಎಂಟು ಹತ್ತು ಎಲೆ ಬಂದಿದ್ದರೆ ಇಲ್ಲಿಂದ ಆರು ವಾರ ರಾತ್ರಿಗೆ ಆದಷ್ಟು ಚಳಿ, ಹಗಲಿಗೆ ಆದಷ್ಟು ಬೆಳಕು ಕೊಡಬೇಕು. ರಾತ್ರಿ 10ರಿಂದ 13 ಡಿಗ್ರಿ, ಹಗಲು ಗಿಡದ ಮಟ್ಟದಲ್ಲಿ 22 ದಾಟದಂತೆ ಇದ್ದರೆ ಉತ್ತಮ. ಪಟ್ಟಣದಲ್ಲಿ ಅಷ್ಟು ಇಳಿಯದಿದ್ದರೂ ಕೈಲಾದಷ್ಟು ಅದರ ಹತ್ತಿರ ಹೋಗಬೇಕು.

ಇದಕ್ಕೆ ಅತಿ ಸುಲಭದ ಉಪಾಯ ಕುಂಡವನ್ನು ರಾತ್ರಿ ಬಯಲಿಗೆ ಇಡುವುದು. ತಿಳಿ ಆಕಾಶದ ರಾತ್ರಿ ಎಲೆ ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಸುತ್ತಲಿನ ಗಾಳಿಗಿಂತಲೂ ಒಂದೆರಡು ಡಿಗ್ರಿ ತಣ್ಣಗಾಗುತ್ತದೆ. ಎಲೆಯ ಮೇಲೆ ಇಬ್ಬನಿ ಕೂರುವುದೂ ಇದೇ ಕಾರಣಕ್ಕೆ. ಸೂರಿನ ಕೆಳಗಿಟ್ಟ ಕುಂಡಕ್ಕೆ ಈ ಲಾಭವಿಲ್ಲ. ಹೆಂಚು, ಗೋಡೆಗಳು ಹಗಲು ಹೀರಿದ ಶಾಖವನ್ನು ರಾತ್ರಿಯಿಡೀ ಗಿಡದ ಮೇಲೆ ಸುರಿಯುತ್ತಿರುತ್ತವೆ. ಹಾಗಾಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಕುಂಡಗಳನ್ನು ಅಂಗಳದ ನಡುವಿಗೆ, ಗೋಡೆಯಿಂದ ದೂರಕ್ಕೆ, ಮಣ್ಣಿನ ನೆಲದ ಮೇಲೆ ಇಡಿ. ಕಾಫಿ ಒಣಗಿಸುವ ಸಿಮೆಂಟ್ ಕಣ ಹಗಲು ಚೆನ್ನಾಗಿ ಕಾದಿರುತ್ತದೆ, ಅದರ ಮೇಲೆ ಇಡಬೇಡಿ. ಎಲ್ಲ ಕುಂಡಗಳನ್ನು ಒಂದು ಕಾಫಿ ಟ್ರೇ ಅಥವಾ ಕ್ರೇಟ್‌ನಲ್ಲಿ ಜೋಡಿಸಿಟ್ಟರೆ ಸಾಗಿಸುವುದು ಎರಡು ನಿಮಿಷದ ಕೆಲಸ. ಬೆಳಗಿನ ಬಿಸಿಲು ಒಂಬತ್ತೂವರೆ, ಹತ್ತರವರೆಗೆ ಪೂರ್ತಿ ಬೀಳಲಿ. ಆ ಹೊತ್ತಿನ ಬಿಸಿಲಿನಲ್ಲಿ ಬೆಳಕು ಇರುತ್ತದೆ, ಸುಡುವ ಶಾಖ ಇರುವುದಿಲ್ಲ. ಆಮೇಲೆ ಉತ್ತರದ ಜಗಲಿಗೋ, 50 ಶೇಕಡಾ ನೆರಳು ಪರದೆಯ ಕೆಳಗೋ ಸರಿಸಿ.

ಬಯಲುಸೀಮೆಯವರಿಗೆ ಇನ್ನೊಂದು ದಾರಿ ಇದೆ. ದೊಡ್ಡ ಮಣ್ಣಿನ ಕುಂಡದೊಳಗೆ ಸಣ್ಣ ಕುಂಡವಿಟ್ಟು ನಡುವಿನ ಸಂದಿಗೆ ಮರಳು ತುಂಬಿ ಅದನ್ನು ಒದ್ದೆಯಾಗಿಡಿ. ಮಾಗಿಯ ಒಣಗಾಳಿಯಲ್ಲಿ ಇದು ಬೇರನ್ನು ಚೆನ್ನಾಗಿ ತಂಪಾಗಿಡುತ್ತದೆ. ಮಳೆಗಾಲದ ತೇವ ಗಾಳಿಯಲ್ಲಿ ನೀರು ಆವಿಯಾಗುವುದಿಲ್ಲ, ಆಗ ಮಾಡಿ ಉಪಯೋಗವಿಲ್ಲ.

ಮಲಕಾಯ್ಡಿಸ್ ಬೆಳೆಸುವವರು ಜಗಲಿಯ ಬಲ್ಬಿನ ಕಡೆ ಗಮನ ಕೊಡಿ. ರಾತ್ರಿ ಹತ್ತರವರೆಗೆ ಉರಿಯುವ ದೀಪದ ಕೆಳಗೆ ಕುಂಡವಿದ್ದರೆ ಗಿಡದ ಪಾಲಿಗೆ ಹಗಲು ಹದಿನಾರು ಗಂಟೆಯಾಗುತ್ತದೆ, ಮೊಗ್ಗು ಮುಂದಕ್ಕೆ ಹೋಗುತ್ತದೆ. ಬೀದಿದೀಪಕ್ಕೂ ಇದೇ ಮಾತು. ಕತ್ತಲು ಕತ್ತಲಾಗಿಯೇ ಇರುವ ಮೂಲೆ ಹುಡುಕಿ.

ಈ ಆರು ವಾರ 19:19:19 ನಿಲ್ಲಿಸಿ, ಸಾರಜನಕವಿಲ್ಲದ 0:0:50 ಪೊಟ್ಯಾಷನ್ನು ಲೀಟರಿಗೆ ಒಂದು ಗ್ರಾಂನಂತೆ ಎರಡು ಸಲ ಕೊಡಿ. ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಿ, ಎಲೆ ಬಾಡಲು ಬಿಡಬೇಡಿ. ಚಳಿಯಲ್ಲಿ ಬೇರು ನಿಧಾನವಾಗಿ ಕುಡಿಯುತ್ತದೆ, ದಿನಾ ನೀರು ಸುರಿದರೆ ಬೇರು ಕೊಳೆಯುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಬಾಡಿ ನಿಂತರೆ ಅದೇ ಕಾರಣ.

ನಾಲ್ಕನೇ ವಾರದಿಂದ ಸುಳಿಯನ್ನು ನೋಡುತ್ತಿರಿ. ಕುಂಡವನ್ನು ಬೆಳಕಿಗೆ ಓರೆ ಮಾಡಿ, ನಡುವಿನ ಸುಕ್ಕುಗಟ್ಟಿದ ಎಳೆ ಎಲೆಗಳನ್ನು ಎರಡು ಬೆರಳಿನಿಂದ ಮೆಲ್ಲಗೆ ಅಗಲಿಸಿ. ಬರೀ ಎಲೆ ಇದ್ದರೆ ಸುಳಿ ಚಪ್ಪಟೆಯಾಗಿ, ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ. ಮೊಗ್ಗು ಬಂದಿದ್ದರೆ ತಳದಲ್ಲಿ ತಿಳಿ ಹಸಿರಿನ, ನವಿರು ರೋಮದ, ಐದು ಗೆರೆ ಕಾಣುವ ಪುಟ್ಟ ಗುಂಡುಗಳು ಒತ್ತಾಗಿ ಕೂತಿರುತ್ತವೆ. ಅಕಾಲಿಸ್‌ನಲ್ಲಿ ಒಂದೊಂದೂ ಬೇರೆ ಬೇರೆ, ಪಾಲಿಯಾಂಥಸ್‌ನಲ್ಲಿ ಒಂದೇ ಗಂಟಾಗಿ. ಇದನ್ನು ಕಂಡ ದಿನದ ಸಂತೋಷಕ್ಕೆ ಹೂ ಅರಳಿದ ದಿನದ ಸಂತೋಷವೂ ಸಾಟಿಯಲ್ಲ ಎನ್ನುವುದು ನನ್ನ ಅನಿಸಿಕೆ.

ಹೆಜ್ಜೆ 7: ಹೂವನ್ನು ಉಳಿಸಿಕೊಳ್ಳುವುದು

ಮೊಗ್ಗು ಕಂಡ ಮೇಲೆ 12ರಿಂದ 16 ಡಿಗ್ರಿ ರಾತ್ರಿ ಸಾಕು. ಬೇಗ ಅರಳಲಿ ಎಂದು ಮನೆಯೊಳಗೆ ಬೆಚ್ಚಗಿಟ್ಟರೆ ತೊಟ್ಟು ಬೆಳೆಯುವ ಮುಂಚೆಯೇ ಹೂ ಬಿರಿದು ಎಲೆಯೊಳಗೆ ಹುದುಗಿಕೊಳ್ಳುತ್ತದೆ, ಬಣ್ಣ ಪೇಲವವಾಗುತ್ತದೆ. ಹೂ ಹೆಚ್ಚು ದಿನ ಬಾಳುವುದೂ ತಂಪಿನಲ್ಲೇ. 10–13 ಡಿಗ್ರಿಯಲ್ಲಿ ಒಂದು ತಿಂಗಳಿಗೂ ಮೀರಿ ಮೆರೆಯುವ ಗಿಡ ಬೆಚ್ಚಗಿನ ಕೋಣೆಯಲ್ಲಿ ಒಂದೆರಡು ವಾರದಲ್ಲಿ ಮುಗಿಸುತ್ತದೆ. ನೆಂಟರು ಬಂದಾಗ ಒಳಗೆ ತನ್ನಿ, ಮಲಗುವ ಮುಂಚೆ ಮತ್ತೆ ಜಗಲಿಗೆ ಇಡಿ. ಫ್ರಿಜ್ ಮೇಲೆ, ಟಿವಿ ಪಕ್ಕ, ಪಡುವಣದ ಕಿಟಕಿಯಲ್ಲಿ ಬೇಡವೇ ಬೇಡ. ಅರಳಿದ ಹೂವಿಗೆ ಬೆಳಕು ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಶಾಖ ಹೆಚ್ಚಾದರೆ ನಡೆಯುವುದಿಲ್ಲ.

ಹೂ ಅರಳಿದ ಮೇಲೆ ರಾತ್ರಿ ಬಯಲಿಗೆ ಇಡುವುದನ್ನು ನಿಲ್ಲಿಸಿ, ಸೂರಿನ ಅಂಚಿಗೆ ಸರಿಸಿ. ಬೆಳಗ್ಗೆ ಹತ್ತಾದರೂ ಆರದ ಇಬ್ಬನಿ ಎಸಳಿನ ಮೇಲೆ ಉಳಿದರೆ ಬೂದು ಬಣ್ಣದ ಬೂಷ್ಟು ಹಿಡಿಯುತ್ತದೆ. ಕುಂಡಗಳ ನಡುವೆ ಒಂದು ಗೇಣು ಜಾಗ ಬಿಡಿ, ನೀರನ್ನು ಬೆಳಗ್ಗೆಯೇ ಎಲೆಗೆ ತಾಗದಂತೆ ಬುಡಕ್ಕೆ ಹಾಕಿ, ಬಾಡಿದ ಹೂವನ್ನು ತೊಟ್ಟಿನ ಸಮೇತ ತೆಗೆಯಿರಿ. ಬಸವನಹುಳು ರಾತ್ರಿ ಬಂದು ಎಸಳು ಮೇಯುತ್ತದೆ. ಟಾರ್ಚ್ ಹಿಡಿದು ಆರಿಸಿ ತೆಗೆಯುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ನರ್ಸರಿಯಿಂದ ಹೂವಿರುವ ಗಿಡ ತರುವವರು ಈ ಹೆಜ್ಜೆಯಿಂದಲೇ ಶುರುಮಾಡಬಹುದು. ಅರ್ಧಕ್ಕಿಂತ ಹೆಚ್ಚು ಮೊಗ್ಗಿರುವ, ಎಲೆತೊಟ್ಟು ಕುಳ್ಳಗಿರುವ ಗಿಡ ಆರಿಸಿ.

ಶಿವರಾತ್ರಿಯ ನಂತರ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎನ್ನುವ ಮಾತು ಪ್ರಿಮ್‌ರೋಸ್ ಮಟ್ಟಿಗೆ ಪೂರ್ತಿ ನಿಜ. ಕಾಫಿಗೆ ಹೂಮಳೆ ಕಾಯುವ ಹೊತ್ತಿಗೆ ಹಗಲು 30 ಡಿಗ್ರಿ ಮುಟ್ಟಿ ಹೊಸ ಮೊಗ್ಗು ನಿಲ್ಲುತ್ತದೆ. ಎಲೆಯ ಅಡಿಯಲ್ಲಿ ಕೆಂಪು ನುಸಿ ಬರುತ್ತದೆ, ಎಲೆ ಧೂಳು ಬಣ್ಣಕ್ಕೆ ತಿರುಗುತ್ತದೆ. ಮಲಕಾಯ್ಡಿಸ್ ಅನ್ನು ಇಲ್ಲಿಗೆ ಬಿಟ್ಟುಬಿಡಿ, ಅದು ಒಂದೇ ಹಂಗಾಮಿನ ಗಿಡ. ಅಕಾಲಿಸ್, ಪಾಲಿಯಾಂಥಸ್‌ಗಳನ್ನು ಎತ್ತರದ ಎಸ್ಟೇಟ್‌ಗಳವರು ದಟ್ಟ ನೆರಳಿನಲ್ಲಿ, ಮಳೆಗಾಲದಲ್ಲಿ ಸೂರಿನ ಕೆಳಗೆ ಕಾಪಾಡಿಕೊಂಡು ಮುಂದಿನ ವರ್ಷಕ್ಕೂ ಉಳಿಸಬಹುದು. ಪಟ್ಟಣದಲ್ಲಿ ಅದಕ್ಕೆ ಪಡುವ ಪಾಡಿಗಿಂತ ಆಗಸ್ಟ್‌ನಲ್ಲಿ ಹೊಸದಾಗಿ ಬಿತ್ತುವುದೇ ಮೇಲು. ಒಬ್ಕೋನಿಕಾವನ್ನು ಉತ್ತರದ ಕಿಟಕಿಯಲ್ಲಿಟ್ಟು, ಗೊಬ್ಬರ ನಿಲ್ಲಿಸಿ, ಮಣ್ಣು ಒಣಗದಷ್ಟು ಮಾತ್ರ ನೀರು ಕೊಟ್ಟರೆ ಬೇಸಿಗೆ ದಾಟುತ್ತದೆ.

ಬೀಜ ಕಟ್ಟಿಸುವ ಆಸೆಯಿದ್ದರೆ ಹೂವಿನ ಬಾಯನ್ನು ಹತ್ತಿರದಿಂದ ನೋಡಿ. ಕೆಲವು ಗಿಡಗಳಲ್ಲಿ ನಡುವೆ ಗುಂಡುಸೂಜಿಯ ತಲೆಯಂಥ ಶಲಾಕಾಗ್ರ (ಪರಾಗ ಹಿಡಿಯುವ ಹೆಣ್ಣು ಭಾಗದ ತುದಿ) ಕಾಣುತ್ತದೆ, ಕೆಲವುಗಳಲ್ಲಿ ಪರಾಗ ಇರುವ ಕೇಸರಗಳ ಗುಂಪು. ಒಂದು ಗಿಡದ ಎಲ್ಲ ಹೂವೂ ಒಂದೇ ಬಗೆ. ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಪ್ರಿಮುಲಾ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದಂತೆ, ಈ ಎರಡು ಬಗೆಯ ಗಿಡಗಳ ನಡುವೆ ಪರಾಗ ಸಾಗಿದಾಗಲೇ ಬೀಜ ಚೆನ್ನಾಗಿ ಕಟ್ಟುತ್ತದೆ. ಜನವರಿಯಲ್ಲೇ ಸಣ್ಣ ಬ್ರಷ್‌ನಿಂದ ಒಂದು ಬಗೆಯ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ, ಏಕೆಂದರೆ ಸೆಕೆ ಏರಿದ ಮೇಲೆ ಕಾಯಿ ನಿಲ್ಲುವುದು ಕಷ್ಟ. ಕಾಯಿ ಕಂದಾಗಿ ತುದಿ ಬಿರಿಯುವ ಮುಂಚೆ ಕೊಯ್ದು ಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ, ಬೀಜವನ್ನು ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಹೈಬ್ರಿಡ್ ಗಿಡದ ಬೀಜದಿಂದ ತಾಯಿಯ ಬಣ್ಣವೇ ಬರುತ್ತದೆ ಎನ್ನಲಾಗದು. ಆದರೆ ನಿಮ್ಮ ಅಂಗಳದ ರಾತ್ರಿಗೆ ಹೊಂದಿಕೊಂಡು ಮೊದಲು ಹೂ ಬಿಟ್ಟ ಗಿಡಗಳಿಂದಲೇ ಬೀಜ ಆರಿಸುತ್ತಾ ಹೋಗಿ, ಡಬ್ಬಿಯ ಮೇಲೆ ಆ ವರ್ಷದ ಕನಿಷ್ಠ ತಾಪಮಾನವನ್ನೂ ಮೊದಲ ಹೂವಿನ ದಿನಾಂಕವನ್ನೂ ಬರೆದಿಡಿ. ಮುಂದಿನ ಬಿತ್ತನೆಯನ್ನು ಹದಿನೈದು ದಿನ ಹಿಂದೆ ಹಾಕಬೇಕೋ ಮುಂದೆ ಹಾಕಬೇಕೋ ಎಂಬುದು ಆ ಎರಡು ಅಂಕಿಗಳಿಂದ ತಿಳಿಯುತ್ತದೆ.